ನೌಕೆ ಈಗ ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ?

ಮಂಗಳಯಾನದ ದಿನಗಳಲ್ಲಿ ಪೇಪರಿನಲ್ಲಿ ಒಂದು ಸಾಲು ಆಗಾಗ ಬರುತ್ತಿತ್ತು: ನೌಕೆ ಈಗ ಭೂಮಿಯಿಂದ ಇಷ್ಟು ಕೋಟಿ ಕಿ.ಮೀ. ದೂರದಲ್ಲಿದೆ. ಓದಿ ಮುಂದಿನ ಸುದ್ದಿಗೆ ಹೋಗುತ್ತಿದ್ದೆವು. ಆ ಸಂಖ್ಯೆ ಎಲ್ಲಿಂದ ಬಂತು, ಯಾರು ಅಳೆದರು ಅಂತ ಯಾರೂ ಕೇಳುತ್ತಿರಲಿಲ್ಲ.

ಕೇಳಿದ್ದರೆ ಉತ್ತರ ಸ್ವಲ್ಪ ವಿಚಿತ್ರವಾಗಿರುತ್ತಿತ್ತು. ಅಷ್ಟು ದೂರ ಹೋದ ನೌಕೆ ಯಾರ ಕಣ್ಣಿಗೂ ಕಾಣುವುದಿಲ್ಲ. ಒಂದು ಕಾರಿನಷ್ಟು ದೊಡ್ಡ ಪೆಟ್ಟಿಗೆ ಹತ್ತು ಕೋಟಿ ಕಿ.ಮೀ. ಆಚೆ ಇದ್ದರೆ ದೊಡ್ಡ ದೂರದರ್ಶಕಗಳಿಗೂ ಅದು ಸಿಗದು. ಜಿಪಿಎಸ್ ಇದೆಯಲ್ಲ ಅನ್ನಬಹುದು. ಆ ಉಪಗ್ರಹಗಳು ನಮ್ಮ ತಲೆಯ ಮೇಲೆ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ಭೂಮಿಯ ಕಡೆ ಮುಖ ಮಾಡಿಕೊಂಡು ಸಿಗ್ನಲ್ ಕಳಿಸುತ್ತವೆ. ಮಂಗಳದ ದಾರಿಯಲ್ಲಿರುವವರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ.

ಉಳಿಯುವುದು ರೇಡಿಯೋ ಒಂದೇ. ನೆಲದ ಮೇಲಿನ ದೊಡ್ಡ ಡಿಶ್ ಒಂದು ಸಿಗ್ನಲ್ ಕಳಿಸುತ್ತದೆ. ನೌಕೆಯ ಟ್ರಾನ್ಸ್‌ಪಾಂಡರ್ ಅದನ್ನು ಹಿಡಿದು, ಆವರ್ತನವನ್ನು ಒಂದು ನಿಗದಿತ ಅನುಪಾತದಲ್ಲಿ ಬದಲಾಯಿಸಿ ವಾಪಸ್ ಕಳಿಸುತ್ತದೆ. ಹೋಗುವ ಅಲೆ, ಬರುವ ಅಲೆ ಒಂದಕ್ಕೊಂದು ಕಲಸಿಕೊಳ್ಳದಿರಲಿ ಅಂತ ಈ ಬದಲಾವಣೆ. ಈ ಕೆಲಸಕ್ಕಾಗಿ ಅಮೆರಿಕದವರು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹೀಗೆ ಮೂರು ಕಡೆ ಡಿಶ್‌ಗಳನ್ನು ಇಟ್ಟಿದ್ದಾರೆ. ಭೂಮಿ ಯಾವ ಕಡೆ ತಿರುಗಿದರೂ ಒಂದಾದರೂ ನೌಕೆಯನ್ನು ನೋಡುತ್ತಿರುತ್ತದೆ. ನಮ್ಮದು ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳುವಿನಲ್ಲಿದೆ. 2008ರ ಚಂದ್ರಯಾನ-1ಕ್ಕಾಗಿ ಕಟ್ಟಿದ 18 ಮೀಟರ್ ಮತ್ತು 32 ಮೀಟರ್ ಅಗಲದ ಡಿಶ್‌ಗಳು ಅಲ್ಲಿವೆ.

ಹೋಗಿ ಬಂದ ಅಲೆಯಿಂದ ಎರಡು ವಿಷಯ ತಿಳಿಯುತ್ತವೆ. ಮೊದಲನೆಯದು ದೂರ. ಸಿಗ್ನಲ್ ಹೋಗಿ ಬರಲು ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿದರೆ ಆಯಿತು. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, 30 ಸೆಂ.ಮೀ. ಹೋಗುತ್ತದೆ. ಗಡಿಯಾರ ಅಷ್ಟು ನಿಖರವಾಗಿದ್ದರೆ ಕೋಟಿಗಟ್ಟಲೆ ಕಿ.ಮೀ. ದೂರವನ್ನು ಕೆಲವೇ ಮೀಟರ್‌ಗಳ ತಪ್ಪಿನಲ್ಲಿ ಹೇಳಬಹುದು.

ಎರಡನೆಯದು ವೇಗ. ರೈಲು ನಮ್ಮನ್ನು ದಾಟಿ ಹೋಗುವಾಗ ಸೀಟಿಯ ಸ್ವರ ಇಳಿಯುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ ಇಲ್ಲೂ ನಡೆಯುತ್ತದೆ. ನೌಕೆ ದೂರ ಹೋಗುತ್ತಿದ್ದರೆ ಅಲೆಯ ಆವರ್ತನ ಇಳಿಯುತ್ತದೆ, ಹತ್ತಿರ ಬರುತ್ತಿದ್ದರೆ ಏರುತ್ತದೆ. ಎಷ್ಟು ಅಂತ ಒಂದು ಲೆಕ್ಕ ನೋಡೋಣ. ದೂರದ ನೌಕೆಗಳು ಬಳಸುವ ಎಕ್ಸ್-ಬ್ಯಾಂಡ್ ಅಲೆ ಸೆಕೆಂಡಿಗೆ ಸುಮಾರು 840 ಕೋಟಿ ಸಲ ಕಂಪಿಸುತ್ತದೆ. ನೌಕೆಯ ವೇಗ ಸೆಕೆಂಡಿಗೆ 1 ಮಿಲಿಮೀಟರ್ ಬದಲಾದರೆ, ಹೋಗಿ ಬಂದ ಅಲೆಯಲ್ಲಿ ಆಗುವ ವ್ಯತ್ಯಾಸ ಒಂದು ಕಂಪನದ ಹದಿನೆಂಟನೇ ಒಂದು ಭಾಗ. 840 ಕೋಟಿಯಲ್ಲಿ ಅಷ್ಟು! ಅದನ್ನೂ ಹಿಡಿಯುತ್ತಾರೆ. ಅದಕ್ಕಿಂತ ಹತ್ತು ಪಟ್ಟು ಸಣ್ಣದನ್ನೂ ಹಿಡಿಯುತ್ತಾರೆ. ಡಿಶ್‌ನ ಪಕ್ಕದ ಕಟ್ಟಡದಲ್ಲಿ ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರ ಇರುವುದು ಇದಕ್ಕಾಗಿಯೇ.

ಇಷ್ಟಾದರೆ ಮುಗಿಯಿತು ಅನಿಸಬಹುದು. ನಿಜವಾದ ತೊಂದರೆ ಇಲ್ಲಿಂದ ಶುರು. ದೂರ ಮತ್ತು ವೇಗ ಎರಡೂ ನಮ್ಮಿಂದ ನೌಕೆಗೆ ಎಳೆದ ನೇರ ಗೆರೆಯ ಮೇಲಿನ ಸಂಗತಿಗಳು. ನೌಕೆ ಆ ಗೆರೆಗೆ ಅಡ್ಡವಾಗಿ, ಎಡಕ್ಕೋ ಬಲಕ್ಕೋ ಮೇಲಕ್ಕೋ ಕೆಳಕ್ಕೋ ಸರಿದರೆ ಸಿಗ್ನಲ್ ತೀರಾ ಕಡಿಮೆ ಹೇಳುತ್ತದೆ. ಡಿಶ್ ಅನ್ನು ಯಾವ ದಿಕ್ಕಿಗೆ ತಿರುಗಿಸಿದ್ದೇವೆ ಅಂತ ನೋಡಿ ದಿಕ್ಕು ಹೇಳಿದರೆ ಆಗುವುದಿಲ್ಲವೇ? ಅಷ್ಟು ದೂರದಲ್ಲಿ ಆ ಉತ್ತರ ಸಾವಿರಾರು ಕಿ.ಮೀ. ತಪ್ಪಾಗಿರುತ್ತದೆ. ಗ್ರಹದ ಪಕ್ಕ ಹಾದುಹೋಗುವುದಕ್ಕೂ ಗ್ರಹಕ್ಕೆ ಹೋಗಿ ಗುದ್ದುವುದಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಕಡಿಮೆ.

ಇಲ್ಲಿ ಒಂದು ಸೊಗಸಾದ ಉಪಾಯ ಇದೆ. ನನಗಂತೂ ಇಡೀ ವಿಷಯದಲ್ಲಿ ಇದೇ ಅಚ್ಚುಮೆಚ್ಚು. ಭೂಮಿ ತಿರುಗುವುದರಿಂದ ಬ್ಯಾಲಾಳುವಿನ ಡಿಶ್ ಕೂಡ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿರುತ್ತದೆ. ನೌಕೆ ಪೂರ್ವದಲ್ಲಿ ಮೂಡುವಾಗ ಡಿಶ್ ಅದರ ಕಡೆಗೆ ಓಡುತ್ತದೆ. ಪಶ್ಚಿಮದಲ್ಲಿ ಮುಳುಗುವಾಗ ಅದರಿಂದ ದೂರ ಓಡುತ್ತದೆ. ಹಾಗಾಗಿ ಡಾಪ್ಲರ್ ಅಳತೆಯಲ್ಲಿ ದಿನಕ್ಕೊಂದು ಅಲೆ ಏರಿ ಇಳಿಯುತ್ತದೆ. ಆ ಅಲೆ ಯಾವ ಹೊತ್ತಿಗೆ ಸರಿಯಾಗಿ ಸೊನ್ನೆಯನ್ನು ದಾಟಿತು ಅಂತ ನೋಡಿ. ಆ ಕ್ಷಣಕ್ಕೆ ನೌಕೆ ಡಿಶ್‌ನ ಉತ್ತರ-ದಕ್ಷಿಣ ಗೆರೆಯ ಮೇಲಿತ್ತು. ಪೂರ್ವ-ಪಶ್ಚಿಮದ ಲೆಕ್ಕ ಸಿಕ್ಕಿತು. ಇನ್ನು ಅಲೆ ಎಷ್ಟು ಎತ್ತರ ಇದೆ ಅಂತ ನೋಡಿ. ನೌಕೆ ಧ್ರುವ ನಕ್ಷತ್ರದ ದಿಕ್ಕಿನಲ್ಲಿದ್ದರೆ ಭೂಮಿ ಎಷ್ಟು ತಿರುಗಿದರೂ ಡಿಶ್ ಅದಕ್ಕೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ, ಅಲೆಯೇ ಇರುವುದಿಲ್ಲ. ಸಮಭಾಜಕದ ನೇರಕ್ಕಿದ್ದರೆ ಅಲೆ ಪೂರ್ತಿ ಎತ್ತರ. ನಡುವೆ ಇದ್ದರೆ ನಡುವಿನ ಎತ್ತರ. ಉತ್ತರ-ದಕ್ಷಿಣದ ಲೆಕ್ಕವೂ ಸಿಕ್ಕಿತು. ದಿಕ್ಕು ತೋರಿಸುವ ಯಾವ ಸಲಕರಣೆಯೂ ಇಲ್ಲದೆ, ಭೂಮಿ ತಿರುಗುವುದನ್ನೇ ಬಳಸಿಕೊಂಡು ದಿಕ್ಕು ತಿಳಿದಂತಾಯಿತು.

ಇದಕ್ಕೂ ಒಂದು ಕುಂದು ಇದೆ. ನೌಕೆ ಸಮಭಾಜಕದ ನೇರಕ್ಕೆ ಬಂದಾಗ ಅಲೆಯ ಎತ್ತರ ಗರಿಷ್ಠದಲ್ಲಿ ಇರುತ್ತದೆ. ಅಲ್ಲಿ ನೌಕೆ ಚೂರು ಉತ್ತರಕ್ಕೆ ಸರಿದರೂ ದಕ್ಷಿಣಕ್ಕೆ ಸರಿದರೂ ಎತ್ತರ ಹೆಚ್ಚುಕಮ್ಮಿ ಅಷ್ಟೇ. ಆಗ ಈ ಉಪಾಯ ಮಂಕಾಗುತ್ತದೆ.

ಇನ್ನೊಂದು ಮಾತು. ಇಲ್ಲಿ ಯಾವ ಒಂದು ಅಳತೆಯೂ ನೌಕೆಯ ಜಾಗವನ್ನು ನೇರವಾಗಿ ಹೇಳುವುದಿಲ್ಲ. ಕೆಲಸ ನಡೆಯುವುದು ಹೀಗೆ. ಮೊದಲು ನೌಕೆ ಇಂಥ ಜಾಗದಲ್ಲಿದೆ, ಇಂಥ ವೇಗದಲ್ಲಿದೆ ಅಂತ ಒಂದು ಊಹೆ ಮಾಡಿಕೊಳ್ಳುತ್ತಾರೆ. ಸೂರ್ಯ, ಗ್ರಹಗಳು, ಚಂದ್ರ ಎಲ್ಲರ ಎಳೆತವನ್ನೂ ಸೇರಿಸಿ ಅದನ್ನು ಕಂಪ್ಯೂಟರಿನಲ್ಲಿ ಮುಂದಕ್ಕೆ ಓಡಿಸುತ್ತಾರೆ. ಹಾಗಿದ್ದರೆ ಇವತ್ತು ಇಷ್ಟು ಗಂಟೆಗೆ ಸಿಗ್ನಲ್ ಹೀಗೆ ಬರಬೇಕಿತ್ತು ಅಂತ ಲೆಕ್ಕ ಬರುತ್ತದೆ. ನಿಜಕ್ಕೂ ಬಂದ ಸಿಗ್ನಲ್ ಅನ್ನು ಅದರ ಪಕ್ಕ ಇಟ್ಟು ಕಳೆಯುತ್ತಾರೆ. ಉಳಿದ ವ್ಯತ್ಯಾಸ ಕಡಿಮೆ ಆಗುವ ಹಾಗೆ ಊಹೆಯನ್ನು ತಿದ್ದುತ್ತಾರೆ. ಮತ್ತೆ ಓಡಿಸುತ್ತಾರೆ, ಮತ್ತೆ ತಿದ್ದುತ್ತಾರೆ. ಸಾವಿರಾರು ಅಳತೆಗಳ ಜೊತೆ ಒಟ್ಟಿಗೆ ಹೊಂದಿಕೊಳ್ಳುವ ದಾರಿ ಯಾವುದೋ ಅದೇ ನೌಕೆಯ ಕಕ್ಷೆ.

ಈ ಜಾಣತನ ಹಳೆಯದು. 1801ರ ಜನವರಿ 1ರಂದು ಇಟಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿಯಾಝಿ ಎಂಬ ಖಗೋಳ ವಿಜ್ಞಾನಿ ಸೂರ್ಯನನ್ನು ಸುತ್ತುವ ಸೀರಿಸ್ ಎಂಬ ಚಿಕ್ಕ ಕಾಯವನ್ನು ಕಂಡುಹಿಡಿದರು. 41 ದಿನ ಅದನ್ನು ಹಿಂಬಾಲಿಸಿದರು, ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಹುಡುಕುವುದು? 24 ವರ್ಷದ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್ ಆ ಕೆಲವೇ ಅಳತೆಗಳನ್ನು ಹಿಡಿದು ಕೂತು ಕಕ್ಷೆ ಲೆಕ್ಕ ಹಾಕಿದರು. ವರ್ಷದ ಕೊನೆಗೆ ಅವರು ಹೇಳಿದ ಜಾಗದ ಹತ್ತಿರವೇ ಸೀರಿಸ್ ಮತ್ತೆ ಸಿಕ್ಕಿತು. ಇವತ್ತಿನ ನೌಕೆಗಳ ಲೆಕ್ಕವೂ ಆ ವಂಶದ್ದೇ. ಅಳತೆಗಳು ಜಾಸ್ತಿ, ಕಂಪ್ಯೂಟರ್ ಇದೆ, ಅಷ್ಟೇ.

ಈ ಕೆಲಸ ಮಾಡುವವರು ದಿನವಿಡೀ ನೋಡುವುದು ಆ ಉಳಿದ ವ್ಯತ್ಯಾಸಗಳ ಗ್ರಾಫ್ ಅನ್ನು. ಚುಕ್ಕಿಗಳು ಸೊನ್ನೆ ಗೆರೆಯ ಆಚೀಚೆ ಸುಮ್ನೆ ಚೆಲ್ಲಾಡಿದ ಹಾಗಿದ್ದರೆ ಎಲ್ಲ ಸರಿ. ಚುಕ್ಕಿಗಳು ಒಂದು ಕಡೆ ವಾಲತೊಡಗಿದರೆ ನಮ್ಮ ಲೆಕ್ಕದಲ್ಲಿ ಇಲ್ಲದ ಯಾವುದೋ ಬಲ ನೌಕೆಯನ್ನು ತಳ್ಳುತ್ತಿದೆ ಅಂತ ಅರ್ಥ. ಮತ್ತು ಅಲ್ಲಿ ತಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಸೂರ್ಯನ ಬೆಳಕೇ ತಳ್ಳುತ್ತದೆ. ನೌಕೆಯ ಮುಖ ತಿರುಗಿಸಲು ಬಿಡುವ ಅನಿಲದ ಚಿಕ್ಕ ಚಿಕ್ಕ ಉಸಿರುಗಳು ತಳ್ಳುತ್ತವೆ. ನೌಕೆಯ ಬಿಸಿ ಕೂಡ ತಳ್ಳುತ್ತದೆ. 1970ರ ದಶಕದಲ್ಲಿ ಹೊರಟ ಪಯೋನಿಯರ್ 10 ಮತ್ತು 11 ನೌಕೆಗಳ ಕಥೆ ಇದಕ್ಕೆ ಸಾಕ್ಷಿ. ಎರಡೂ ಲೆಕ್ಕಕ್ಕಿಂತ ಒಂಚೂರು ನಿಧಾನವಾಗುತ್ತಿದ್ದವು. ಎಷ್ಟು ಅಂದರೆ ಒಂದು ವರ್ಷ ಪೂರ್ತಿ ಕಳೆದ ಮೇಲೆ ವೇಗದಲ್ಲಿ ಸೆಕೆಂಡಿಗೆ ಮೂರು ಸೆಂ.ಮೀ. ಕೂಡ ವ್ಯತ್ಯಾಸ ಇಲ್ಲ. ಗುರುತ್ವದ ನಿಯಮವೇ ತಪ್ಪಿರಬಹುದೇ ಅಂತ ವರ್ಷಗಟ್ಟಲೆ ಚರ್ಚೆ ನಡೆಯಿತು. 2012ರಲ್ಲಿ ಉತ್ತರ ಸಿಕ್ಕಿತು: ನೌಕೆಯ ವಿದ್ಯುತ್ ಘಟಕ ಮತ್ತು ಉಪಕರಣಗಳ ಬಿಸಿ ಎಲ್ಲ ಕಡೆಗೂ ಸಮನಾಗಿ ಹೋಗುತ್ತಿರಲಿಲ್ಲ, ಒಂದು ಕಡೆಗೆ ಜಾಸ್ತಿ ಹೋಗುತ್ತಿತ್ತು. ಗುರುತ್ವ ಬದುಕಿತು.

ಈಗ 1999ರ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನಾಸಾ ನೌಕೆಯ ಕಥೆಗೆ ಬರೋಣ. ಇದನ್ನು ಎಲ್ಲರೂ ಒಂದು ಜೋಕಿನ ಹಾಗೆ ಹೇಳುತ್ತಾರೆ: ಒಬ್ಬರು ಪೌಂಡ್‌ನಲ್ಲಿ ಬರೆದರು, ಇನ್ನೊಬ್ಬರು ನ್ಯೂಟನ್ ಅಂತ ಓದಿದರು, ನೌಕೆ ಹೋಯಿತು. ಅದು ನಿಜ. ಆದರೆ ನನಗೆ ಕುತೂಹಲ ಇರುವುದು ಬೇರೆ ಕಡೆ. ನೌಕೆ ಹೊರಟದ್ದು 1998ರ ಡಿಸೆಂಬರ್ 11ರಂದು, ಕಳೆದುಹೋದದ್ದು 1999ರ ಸೆಪ್ಟೆಂಬರ್ 23ರಂದು. ಒಂಬತ್ತು ತಿಂಗಳು ದಿನವೂ ಡಾಪ್ಲರ್ ಬರುತ್ತಿತ್ತು, ದೂರ ಅಳೆಯುತ್ತಿದ್ದರು. ಆದರೂ ತಪ್ಪು ಯಾಕೆ ಸಿಕ್ಕಿಬೀಳಲಿಲ್ಲ?

ಈ ನೌಕೆಗೆ ಸೌರ ಫಲಕ ಇದ್ದದ್ದು ಒಂದೇ ಪಕ್ಕದಲ್ಲಿ. ಬಿಸಿಲಿನ ಒತ್ತಡ ಆ ಪಕ್ಕಕ್ಕೆ ಜಾಸ್ತಿ ಬಿದ್ದು ನೌಕೆಯನ್ನು ನಿಧಾನಕ್ಕೆ ತಿರುಗಿಸಲು ನೋಡುತ್ತಿತ್ತು. ಅದನ್ನು ತಡೆಯಲು ಒಳಗಿನ ಚಕ್ರಗಳು ಎದುರು ದಿಕ್ಕಿಗೆ ತಿರುಗುತ್ತಾ ಹೋಗುತ್ತಿದ್ದವು. ಚಕ್ರಗಳ ವೇಗ ಮಿತಿಗೆ ಬಂದಾಗ ಥ್ರಸ್ಟರ್ ಎಂಬ ಪುಟ್ಟ ಎಂಜಿನ್‌ಗಳನ್ನು ಒಂದಿಷ್ಟು ಹೊತ್ತು ಉರಿಸಿ ಅವುಗಳನ್ನು ಸಮಾಧಾನ ಮಾಡಬೇಕಿತ್ತು. ಪ್ರತಿ ಸಲವೂ ನೌಕೆಗೆ ಒಂದು ಸಣ್ಣ ತಳ್ಳು ಬೀಳುತ್ತಿತ್ತು. ಅಂದುಕೊಂಡಿದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಸಲ ಹೀಗೆ ಮಾಡಬೇಕಾಗಿ ಬಂತು. ಆ ತಳ್ಳುಗಳ ಪಟ್ಟಿಯನ್ನು ನೌಕೆ ಕಟ್ಟಿದ ಕಂಪನಿಯ ಸಾಫ್ಟ್‌ವೇರ್ ಪೌಂಡ್-ಸೆಕೆಂಡ್‌ನಲ್ಲಿ ಬರೆಯಿತು. ದಾರಿ ಲೆಕ್ಕ ಹಾಕುವವರು ನ್ಯೂಟನ್-ಸೆಕೆಂಡ್ ಅಂದುಕೊಂಡರು. ಒಂದು ಪೌಂಡ್ ಅಂದರೆ 4.45 ನ್ಯೂಟನ್. ಹಾಗಾಗಿ ಪ್ರತಿ ತಳ್ಳನ್ನೂ ಅದರ ನಿಜವಾದ ಬಲದ ಕಾಲು ಭಾಗಕ್ಕಿಂತ ಕಡಿಮೆ ಅಂತ ಲೆಕ್ಕಕ್ಕೆ ಹಿಡಿದಂತಾಯಿತು.

ಕೆಟ್ಟ ಅದೃಷ್ಟ ಏನೆಂದರೆ ಆ ತಳ್ಳುಗಳು ಬೀಳುತ್ತಿದ್ದದ್ದು ಹೆಚ್ಚಾಗಿ ಭೂಮಿ-ನೌಕೆ ಗೆರೆಗೆ ಅಡ್ಡವಾಗಿ. ಡಾಪ್ಲರ್‌ಗೆ ಕುರುಡಾದ ದಿಕ್ಕು ಅದೇ ತಾನೇ? ಗೆರೆಯ ಮೇಲೆ ತಳ್ಳಿದ್ದರೆ ಗ್ರಾಫ್ ತಕ್ಷಣ ವಾಲುತ್ತಿತ್ತು, ಯಾರೋ ಒಬ್ಬರು ಹುಬ್ಬೇರಿಸುತ್ತಿದ್ದರು. ಹಾಗಂತ ಯಾರಿಗೂ ಅನುಮಾನ ಬರಲಿಲ್ಲ ಅನ್ನುವಂತಿಲ್ಲ. ದಾರಿ ಲೆಕ್ಕದವರಿಗೆ ಏನೋ ಸರಿ ಇಲ್ಲ ಅಂತ ತಿಂಗಳುಗಳ ಹಿಂದೆಯೇ ಅನಿಸಿತ್ತು. ಅದು ಪಕ್ಕಾ ದೂರಿನ ರೂಪದಲ್ಲಿ ಮೇಲಿನವರಿಗೆ ಹೋಗಲಿಲ್ಲ.

ಮಂಗಳದ ಮೊದಲ ಸುತ್ತಿನಲ್ಲಿ ನೌಕೆ ನೆಲದಿಂದ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿತ್ತು. ಕೊನೆಯ ವಾರದಲ್ಲಿ ಹೊಸ ಅಳತೆಗಳು ಆ ಸಂಖ್ಯೆಯನ್ನು 150–170ಕ್ಕೆ ಇಳಿಸಿದವು. ಮಂಗಳದ ಎಳೆತ ಜೋರಾದಂತೆ ದಾರಿ ಸ್ಪಷ್ಟವಾಗುತ್ತದೆ. ಹಾಗಾಗಿ ಕೊನೆಯ ದಿನ 110 ಅಂತ ಬಂತು. 80ರವರೆಗೂ ನೌಕೆ ತಡೆದುಕೊಳ್ಳಬಹುದು ಅಂತ ಅಂದಾಜಿತ್ತು. ಇನ್ನೊಂದು ಸಲ ದಾರಿ ತಿದ್ದೋಣವೇ ಅಂತ ಮಾತಾಯಿತು, ಮಾಡಲಿಲ್ಲ. ನೌಕೆ ಮಂಗಳದ ಹಿಂದೆ ಸರಿಯುವಾಗ ಸಿಗ್ನಲ್ ಅಂದುಕೊಂಡಿದ್ದಕ್ಕಿಂತ 49 ಸೆಕೆಂಡ್ ಮೊದಲೇ ನಿಂತಿತು. ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿದರೆ ಸಿಕ್ಕ ಎತ್ತರ 57 ಕಿ.ಮೀ. ಅಲ್ಲಿ ಗಾಳಿ ದಟ್ಟ. ಮಂಗಳದ ಗಾಳಿಯೇ ಆದರೂ ಆ ವೇಗಕ್ಕೆ ಅದು ಸಾಕು.

ಅಡ್ಡ ದಿಕ್ಕಿನ ಕುರುಡಿಗೆ ಮದ್ದು ಆಗಲೇ ಇತ್ತು, ಬಳಸುತ್ತಿರಲಿಲ್ಲ. ಅದರ ಹೆಸರು ಡೆಲ್ಟಾ-ಡಿಓಆರ್. ಸಾವಿರಾರು ಕಿ.ಮೀ. ಅಂತರದ ಎರಡು ಡಿಶ್‌ಗಳು, ಉದಾಹರಣೆಗೆ ಗೋಲ್ಡ್‌ಸ್ಟೋನ್ ಮತ್ತು ಕ್ಯಾನ್‌ಬೆರಾ, ಒಂದೇ ಹೊತ್ತಿಗೆ ನೌಕೆಯನ್ನು ಕೇಳಿಸಿಕೊಳ್ಳುತ್ತವೆ. ಅಲೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಚೂರು ಆಮೇಲೆ ಮುಟ್ಟುತ್ತದೆ. ಆ ಅಂತರದಿಂದ ದಿಕ್ಕು ಸಿಗುತ್ತದೆ. ಆದರೆ ಎರಡೂ ಕಡೆಯ ಗಡಿಯಾರದ ತಪ್ಪು, ಮೇಲಿನ ಗಾಳಿಯ ತಪ್ಪು ಅದರಲ್ಲಿ ಸೇರಿರುತ್ತವೆ. ಅದಕ್ಕೆ ಎರಡೂ ಡಿಶ್‌ಗಳನ್ನು ಕೂಡಲೇ ಪಕ್ಕದ ಒಂದು ಕ್ವೇಸಾರ್, ಅಂದರೆ ಬಹಳ ದೂರದ ಗ್ಯಾಲಕ್ಸಿಯ ಪ್ರಖರ ಕೇಂದ್ರದ ಕಡೆ ತಿರುಗಿಸುತ್ತಾರೆ. ಕ್ವೇಸಾರ್‌ಗಳು ಎಷ್ಟು ದೂರ ಇವೆಯೆಂದರೆ ಆಕಾಶದಲ್ಲಿ ಅವು ಅಲ್ಲಾಡುವುದೇ ಇಲ್ಲ, ಅವುಗಳ ಜಾಗ ಬಹಳ ಚೆನ್ನಾಗಿ ಗೊತ್ತು. ಎರಡು ಅಳತೆಗಳನ್ನು ಒಂದರಿಂದ ಒಂದು ಕಳೆದರೆ ಎರಡರಲ್ಲೂ ಇರುವ ತಪ್ಪುಗಳು ಬಹುತೇಕ ಹೊಡೆದುಹೋಗುತ್ತವೆ. ಉಳಿಯುವ ನಿಖರತೆ ಎಂಥದ್ದು ಅಂದರೆ, 15 ಕೋಟಿ ಕಿ.ಮೀ. ದೂರದ ನೌಕೆಯ ಅಡ್ಡ ದಿಕ್ಕಿನ ಜಾಗದಲ್ಲಿ ತಪ್ಪು ಕೆಲವು ನೂರು ಮೀಟರ್ ಅಷ್ಟೇ. 1999ರ ಪೆಟ್ಟಿನ ನಂತರ, 2001ರ ಮಾರ್ಸ್ ಒಡಿಸ್ಸಿಯಿಂದ, ಮಂಗಳಕ್ಕೆ ಹೋಗುವವರು ಇದನ್ನು ಬಿಟ್ಟು ಹೊರಡುವುದಿಲ್ಲ.

ನಮ್ಮ ಮಂಗಳಯಾನಕ್ಕೂ ಬೆಂಗಳೂರಿನ ಇಸ್ರೋ ತಂಡಗಳ ಲೆಕ್ಕದ ಜೊತೆಗೆ ನಾಸಾದ ಜೆಪಿಎಲ್ ಎಂಬ ಪ್ರಯೋಗಾಲಯದ ಟ್ರ್ಯಾಕಿಂಗ್ ಬೆಂಬಲ ಇತ್ತು. ದಾರಿ ತಿದ್ದಲು 2013ರ ಡಿಸೆಂಬರ್ 11, 2014ರ ಜೂನ್ 11, ಆಗಸ್ಟ್ ಮತ್ತು ಸೆಪ್ಟೆಂಬರ್ ಅಂತ ಗೊತ್ತುಮಾಡಿದ್ದರು. ಆಗಸ್ಟಿನದ್ದನ್ನು ಕೈಬಿಟ್ಟರು. ದಾರಿ ಅಷ್ಟು ಸರಿಯಾಗಿತ್ತು, ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ಸುದ್ದಿಯಲ್ಲಿ ಇದು ಸಣ್ಣ ಸಾಲಾಗಿ ಬಂತು. ನನ್ನ ಪ್ರಕಾರ ಆ ಯಾನದ ದೊಡ್ಡ ಹೊಗಳಿಕೆ ಅದೇ. ಸೆಪ್ಟೆಂಬರ್ 22ರಂದು ಸುಮಾರು 300 ದಿನ ಮಲಗಿದ್ದ ಮುಖ್ಯ ಎಂಜಿನ್ ಅನ್ನು ಸರಿಸುಮಾರು 4 ಸೆಕೆಂಡ್ ಉರಿಸಿ ನೋಡಿದರು. ಪರೀಕ್ಷೆಯೂ ಆಯಿತು, ಕೊನೆಯ ತಿದ್ದುಪಡಿಯೂ ಆಯಿತು. 24ರ ಬೆಳಿಗ್ಗೆ ಸುಮಾರು 23 ನಿಮಿಷದ ಉರಿ. ಅಲ್ಲಿಂದ ಸಿಗ್ನಲ್ ಬರಲು ಹನ್ನೆರಡು ನಿಮಿಷಕ್ಕೂ ಜಾಸ್ತಿ ಬೇಕಿತ್ತು. ಬೆಂಗಳೂರಿನಲ್ಲಿ ಕೂತವರು ಆ ಹೊತ್ತಿನಲ್ಲಿ ನೌಕೆಗೆ ಸಹಾಯ ಮಾಡುವಂತಿರಲಿಲ್ಲ.

ಗ್ರಹಗಳಿಗೆ ಹೋಗುವಾಗ ಒಂದು ಅನುಕೂಲ ಇದೆ. ಮಂಗಳ ಎಲ್ಲಿದೆ ಅಂತ ನಮಗೆ ಚೆನ್ನಾಗಿ ಗೊತ್ತು. ಒಂದು ಚಿಕ್ಕ ಕ್ಷುದ್ರಗ್ರಹವೋ ಗುರುವಿನ ಒಂದು ಚಂದ್ರನೋ ಆದರೆ ಅದರ ಜಾಗವೇ ಅಷ್ಟು ಗ್ಯಾರಂಟಿ ಇಲ್ಲ. ನೌಕೆ ಎಲ್ಲಿದೆ ಅಂತ ಕರಾರುವಾಕ್ಕಾಗಿ ಗೊತ್ತಿದ್ದೂ, ಹೋಗಬೇಕಾದ ಜಾಗವೇ ನೂರಾರು ಕಿ.ಮೀ. ಆಚೀಚೆ ಇದ್ದರೆ ಏನು ಮಾಡುವುದು? ಆಗ ಕ್ಯಾಮೆರಾ ಬೇಕು. ಗುರಿಯನ್ನು ಹಿಂದಿನ ನಕ್ಷತ್ರಗಳ ಜೊತೆ ಫೋಟೋ ತೆಗೆಯುತ್ತಾರೆ. ನಕ್ಷತ್ರಗಳ ಜಾಗ ಗೊತ್ತಿರುವುದರಿಂದ ನೌಕೆಗೆ ಗುರಿ ಯಾವ ದಿಕ್ಕಿನಲ್ಲಿದೆ ಅಂತ ನೇರವಾಗಿ ತಿಳಿಯುತ್ತದೆ. ನಕ್ಷತ್ರಗಳು ಮಂಕು, ಆದ್ದರಿಂದ ಶಟರ್ ಜಾಸ್ತಿ ಹೊತ್ತು ತೆರೆದಿಡಬೇಕು. ಗುರಿ ಬೆಳಕಿನ ಮುದ್ದೆಯಂತೆ ಬಂದರೂ ಪರವಾಗಿಲ್ಲ. ಚಂದದ ಫೋಟೋ ಅಲ್ಲ ಅದು.

ಅಂಥ ಚಂದವಿಲ್ಲದ ಫೋಟೋ ಒಂದು 1979ರ ಮಾರ್ಚ್‌ನಲ್ಲಿ ಇತಿಹಾಸ ಮಾಡಿತು. ನಾಸಾದ ವಾಯೇಜರ್ 1 ನೌಕೆ ಗುರುವನ್ನು ದಾಟಿ ಹೋಗಿತ್ತು. ಜೆಪಿಎಲ್‌ನ ನ್ಯಾವಿಗೇಷನ್ ಎಂಜಿನಿಯರ್ ಲಿಂಡಾ ಮೊರಾಬಿಟೊ, ಸುಮಾರು 45 ಲಕ್ಷ ಕಿ.ಮೀ. ದೂರದಿಂದ ತೆಗೆದ ಅಯೋ ಚಂದ್ರನ ಚಿತ್ರದಲ್ಲಿ ಒಂದು ಮಂಕು ನಕ್ಷತ್ರ ಹುಡುಕುತ್ತಾ ಬೆಳಕನ್ನು ಏರಿಸಿದರು. ಅಯೋದ ಅಂಚಿನಾಚೆ ಇನ್ನೊಂದು ಚಂದ್ರ ಇಣುಕಿದ ಹಾಗೆ ಒಂದು ಅರೆಗೋಲ ಕಂಡಿತು. ಅಲ್ಲಿ ಯಾವ ಚಂದ್ರನೂ ಇರಲು ಸಾಧ್ಯವಿಲ್ಲ ಅಂತ ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕಿದರು. ಅದು ನೂರಾರು ಕಿ.ಮೀ. ಎತ್ತರಕ್ಕೆ ಚಿಮ್ಮಿದ ಜ್ವಾಲಾಮುಖಿಯ ಧೂಳು. ಭೂಮಿಯ ಆಚೆ ಜೀವಂತ ಜ್ವಾಲಾಮುಖಿ ಸಿಕ್ಕಿದ್ದು ಅದೇ ಮೊದಲು, ಸಿಕ್ಕಿದ್ದು ದಾರಿ ಹುಡುಕುವವರ ಮೇಜಿನ ಮೇಲೆ.

ಇಷ್ಟೆಲ್ಲ ಉಪಾಯಗಳನ್ನೂ ಒಟ್ಟಿಗೆ ಪರೀಕ್ಷೆಗೆ ಹಚ್ಚಿದ್ದು ಬೆನ್ನು ಎಂಬ ಕ್ಷುದ್ರಗ್ರಹ. ಅಡ್ಡಗಲ ಸುಮಾರು 490 ಮೀಟರ್. ತೂಕ ಸುಮಾರು 7.3 ಕೋಟಿ ಟನ್, ಕೇಳಲು ದೊಡ್ಡದು, ಗುರುತ್ವಕ್ಕೆ ಏನೂ ಅಲ್ಲ. ಅದರ ಮೇಲೆ ನಿಂತು ಒಂದು ಕಲ್ಲನ್ನು ಸೆಕೆಂಡಿಗೆ 20 ಸೆಂ.ಮೀ. ವೇಗದಲ್ಲಿ ಎಸೆದರೆ ಸಾಕು, ಅದು ಇನ್ನು ವಾಪಸ್ ಬರುವುದಿಲ್ಲ. 2016ರ ಸೆಪ್ಟೆಂಬರ್ 8ರಂದು ಹೊರಟ ನಾಸಾದ ಒಸೈರಿಸ್-ರೆಕ್ಸ್ 2018ರ ಡಿಸೆಂಬರ್ 31ರಂದು 8 ಸೆಕೆಂಡ್ ಥ್ರಸ್ಟರ್ ಉರಿಸಿ ಇದರ ಸುತ್ತ ಕಕ್ಷೆ ಹಿಡಿಯಿತು. ಆವರೆಗೆ ಯಾವ ನೌಕೆಯೂ ಇಷ್ಟು ಸಣ್ಣ ಕಾಯವನ್ನು ಕಕ್ಷೆಯಲ್ಲಿ ಸುತ್ತಿರಲಿಲ್ಲ. ಕೇಂದ್ರದಿಂದ ಸುಮಾರು 1.75 ಕಿ.ಮೀ. ದೂರ, ಒಂದು ಸುತ್ತಿಗೆ ಸುಮಾರು 62 ಗಂಟೆ, ವೇಗ ಸೆಕೆಂಡಿಗೆ 5 ಸೆಂ.ಮೀ. ಇರುವೆಗಿಂತ ಸ್ವಲ್ಪ ಜೋರು, ಅಷ್ಟೇ.

ಇಂಥ ಕಡೆ ಸಣ್ಣ ತಳ್ಳುಗಳು ಸಣ್ಣವಾಗಿ ಉಳಿಯುವುದಿಲ್ಲ. ಬಿಸಿಲಿನ ಒತ್ತಡ ಭೂಮಿಯ ಹತ್ತಿರದ ಉಪಗ್ರಹಕ್ಕೆ ಲೆಕ್ಕಕ್ಕೇ ಇಲ್ಲ ಅನ್ನುವಷ್ಟು. ಇಲ್ಲಿ ಅದು ಬೆನ್ನುವಿನ ಎಳೆತದ ನೂರರಲ್ಲಿ ಕೆಲವು ಪಾಲಿಗೆ ಬಂದು ನಿಲ್ಲುತ್ತದೆ. ತಪ್ಪು ದಿಕ್ಕಿನ ಕಕ್ಷೆ ಹಿಡಿದರೆ ಬಿಸಿಲೇ ನೌಕೆಯನ್ನು ಕಕ್ಷೆಯಿಂದ ಆಚೆ ದಬ್ಬಬಹುದು. ಅದಕ್ಕೆ ಹಗಲು-ರಾತ್ರಿಯ ಗಡಿಯ ಮೇಲೇ ಸುತ್ತುವ ಕಕ್ಷೆ ಆರಿಸಿಕೊಂಡರು, ಸೂರ್ಯ ಯಾವಾಗಲೂ ಒಂದೇ ಪಕ್ಕದಿಂದ ಒತ್ತುವ ಹಾಗೆ. ನೌಕೆಯ ಯಾವ ಮುಖದಿಂದ ಎಷ್ಟು ಬಿಸಿ ಹೊರಗೆ ಹೋಗುತ್ತದೆ ಅನ್ನುವುದನ್ನೂ ಲೆಕ್ಕದಲ್ಲಿ ಸೇರಿಸಿದರು.

ಭೂಮಿಯ ಡಿಶ್‌ಗಳು ಇಲ್ಲಿ ಒಂಟಿಯಾಗಿ ಸಾಕಾಗುವುದಿಲ್ಲ. ಕಕ್ಷೆ ಹಿಡಿದ ದಿನ ನೌಕೆ ಸುಮಾರು 11 ಕೋಟಿ ಕಿ.ಮೀ. ದೂರ ಇತ್ತು. ಅಷ್ಟು ದೂರದಿಂದ ಅಡ್ಡ ದಿಕ್ಕಿನಲ್ಲಿ ಬರುವ ತಪ್ಪು ಬೆನ್ನುವಿನ ಅಗಲದಷ್ಟೇ ಆಗಿಬಿಡಬಹುದು. ಆದ್ದರಿಂದ ಮೊದಲು ನಕ್ಷತ್ರಗಳ ಹಿನ್ನೆಲೆಯಲ್ಲಿ, ಆಮೇಲೆ ಬೆನ್ನುವಿನ ಬಂಡೆಗಳನ್ನೇ ಗುರುತು ಮಾಡಿಕೊಂಡು ದಾರಿ ನೋಡಿದರು. ಸಾವಿರಾರು ಚಿತ್ರಗಳಿಂದ ನೆಲದ ಉಬ್ಬುತಗ್ಗಿನ ನಕ್ಷೆ ಮಾಡಿ, ಈ ಬಂಡೆ ಈ ಕೋನದಲ್ಲಿ ಕಂಡರೆ ನೌಕೆ ಇಲ್ಲಿರಬೇಕು ಅಂತ ಲೆಕ್ಕ. ಒಳ್ಳೆಯ ನಕ್ಷೆ ಬೇಕಾದರೆ ನೌಕೆಯ ಜಾಗ ಗೊತ್ತಿರಬೇಕು, ಜಾಗ ಬೇಕಾದರೆ ನಕ್ಷೆ ಬೇಕು. ಎರಡನ್ನೂ ಜೊತೆಜೊತೆಗೇ ತಿದ್ದುತ್ತಾ ಹೋದರು.

ಇಳಿಯುವ ಹೊತ್ತಿಗೆ ಬೆನ್ನು ಇನ್ನೊಂದು ತಕರಾರು ತೆಗೆಯಿತು. ನುಣುಪು ಮರಳಿನ ಅಂಗಳ ಸಿಗುತ್ತದೆ, 25 ಮೀಟರ್ ತ್ರಿಜ್ಯದ ಜಾಗದಲ್ಲಿ ಎಲ್ಲಿ ಮುಟ್ಟಿದರೂ ನಡೆಯುತ್ತದೆ ಅಂತ ನೌಕೆಯನ್ನು ಕಟ್ಟಿದ್ದರು. ಹೋಗಿ ನೋಡಿದರೆ ಎಲ್ಲಿ ನೋಡಿದರೂ ಬಂಡೆ. ಕೊನೆಗೆ ಆರಿಸಿದ ನೈಟಿಂಗೇಲ್ ಎಂಬ ಜಾಗದಲ್ಲಿ ಸುರಕ್ಷಿತ ಅನ್ನುವ ಜಾಗದ ತ್ರಿಜ್ಯ 8 ಮೀಟರ್ ಇದ್ದರೆ ಹೆಚ್ಚು. ಸಿಗ್ನಲ್ ಬರಲು 18 ನಿಮಿಷಕ್ಕಿಂತ ಜಾಸ್ತಿ ಬೇಕು, ನೆಲದಿಂದ ನಡೆಸುವ ಮಾತೇ ಇಲ್ಲ. ಮೊದಲು ಲೇಸರ್ ಅಳತೆ ನಂಬಿ ಇಳಿಯುವ ಯೋಜನೆ ಇತ್ತು. ಅದನ್ನು ಬಿಟ್ಟು, ಇಳಿಯುತ್ತಾ ತೆಗೆದ ಚಿತ್ರಗಳನ್ನು ಒಳಗಿಟ್ಟ ನಕ್ಷೆಯ ಜೊತೆ ನೌಕೆಯೇ ಹೋಲಿಸಿ ನೋಡುವ ವಿಧಾನಕ್ಕೆ ಬದಲಾದರು. ಅಪಾಯದ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸಿ ಕೊಟ್ಟಿದ್ದರು. ಅಂಥ ಕಡೆ ಮುಟ್ಟುವ ಹಾಗಿದ್ದರೆ ತಾನೇ ವಾಪಸ್ ಮೇಲೇಳಬೇಕು. 2020ರ ಅಕ್ಟೋಬರ್ 20ರಂದು ಅದು ಸೆಕೆಂಡಿಗೆ ಸುಮಾರು 10 ಸೆಂ.ಮೀ. ವೇಗದಲ್ಲಿ ನೆಲ ಮುಟ್ಟಿತು. ಗುರಿಯಿಂದ ತಪ್ಪಿದ್ದು ಒಂದು ಮೀಟರ್‌ಗೂ ಕಡಿಮೆ. ತಂದ 121.6 ಗ್ರಾಂ ಮಣ್ಣು 2023ರ ಸೆಪ್ಟೆಂಬರ್ 24ರಂದು ಭೂಮಿಗೆ ಬಂತು.

ಅದಕ್ಕೂ ಮುಂಚೆ ಅಯೋ ಕಥೆ ಮತ್ತೊಮ್ಮೆ ನಡೆದಿತ್ತು. ಕಕ್ಷೆ ಹಿಡಿದು ವಾರ ತುಂಬುವ ಮೊದಲೇ, 2019ರ ಜನವರಿ 6ರಂದು, ದಾರಿಗಾಗಿ ತೆಗೆದ ಒಂದು ಚಿತ್ರದಲ್ಲಿ ಬೆನ್ನುವಿನ ಅಂಚಿನ ಹತ್ತಿರ ನಕ್ಷತ್ರಗಳ ಗುಂಪಿನಂತೆ ಚುಕ್ಕಿಗಳು ಕಂಡವು. ಆ ಜಾಗದಲ್ಲಿ ಅಂಥ ಗುಂಪು ಇಲ್ಲ. ಬೆನ್ನು ತನ್ನ ಮೈಯಿಂದ ಕಲ್ಲಿನ ಚೂರುಗಳನ್ನು ಉಗುಳುತ್ತಿತ್ತು. ಮೊದಲು ನೌಕೆಗೆ ಅಪಾಯವೇ ಅಂತ ನೋಡಿದರು, ಇಲ್ಲ ಅಂತಾಯಿತು. ಆಮೇಲೆ ಆ ಚೂರುಗಳದ್ದೇ ಕಕ್ಷೆ ಲೆಕ್ಕ ಹಾಕಿದರು. ಕೆಲವು ವಾಪಸ್ ಬಿದ್ದವು, ಕೆಲವು ದಿನಗಟ್ಟಲೆ ಸುತ್ತಿದವು. ನೌಕೆಗಿಂತ ಎಷ್ಟೋ ಹತ್ತಿರ ಸುತ್ತಿದ್ದರಿಂದ ಬೆನ್ನುವಿನ ಗುರುತ್ವ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅನ್ನುವುದನ್ನು ನೌಕೆಗಿಂತ ಸೂಕ್ಷ್ಮವಾಗಿ ಈ ಬೆಣಚುಕಲ್ಲುಗಳೇ ಹೇಳಿಕೊಟ್ಟವು.

ನೌಕೆ ಎರಡು ವರ್ಷಕ್ಕೂ ಜಾಸ್ತಿ ಬೆನ್ನುವಿನ ಜೊತೆಗೇ ಇದ್ದದ್ದರಿಂದ, ನೌಕೆಯ ದೂರ ಅಳೆದಂತೆಲ್ಲ ಬೆನ್ನುವಿನ ದೂರವನ್ನೂ ಅಳೆದಂತಾಯಿತು, ಕೆಲವೇ ಮೀಟರ್‌ಗಳ ನಿಖರತೆಯಲ್ಲಿ. ಹೀಗಾಗಿ ಬೆನ್ನುವಿನದೇ ಕಕ್ಷೆಯನ್ನು ಮತ್ತೆ ಲೆಕ್ಕ ಹಾಕಿದರು. ಇದು ಸುಮ್ನೆ ಕುತೂಹಲಕ್ಕೆ ಮಾಡಿದ್ದಲ್ಲ. ಬೆನ್ನು ಭೂಮಿಯ ಹತ್ತಿರ ಹಾಯುವ ಕಲ್ಲು. ಬಿಸಿಲಿನಲ್ಲಿ ಕಾದ ಅದರ ಮೈ ಬಿಸಿಯನ್ನು ಸ್ವಲ್ಪ ತಡವಾಗಿ, ತಿರುಗಿದ ಮೇಲೆ, ಹೊರಗೆ ಬಿಡುತ್ತದೆ. ಪಯೋನಿಯರ್‌ನ ಹಾಗೆಯೇ ಆ ಬಿಸಿಯೂ ತಳ್ಳುತ್ತದೆ. ಬೆನ್ನುವಿನ ಕಕ್ಷೆ ವರ್ಷಕ್ಕೆ ಸುಮಾರು 284 ಮೀಟರ್ ಸೂರ್ಯನ ಕಡೆ ಕುಗ್ಗುತ್ತಿದೆ. ಏಳು ಕೋಟಿ ಟನ್‌ನ ಕಲ್ಲಿಗೆ ಬಿಸಿಯ ತಳ್ಳು!

2021ರಲ್ಲಿ ಬಂದ ಆ ಲೆಕ್ಕದಲ್ಲಿ ಸೂರ್ಯ, ಗ್ರಹಗಳ ಜೊತೆಗೆ 343 ಬೇರೆ ಕ್ಷುದ್ರಗ್ರಹಗಳ ಎಳೆತವನ್ನೂ ಸೇರಿಸಿದ್ದರು. ನೌಕೆ ಬಂದು ಮುಟ್ಟಿ ಹೋದದ್ದರಿಂದ ಬೆನ್ನುವಿನ ದಾರಿ ಬದಲಾಯಿತೇ ಅಂತಲೂ ನೋಡಿದರು. ಗಣನೆಗೆ ಬರುವಷ್ಟು ಇಲ್ಲ. 2135ರಲ್ಲಿ ಬೆನ್ನು ಚಂದ್ರನಿಗಿಂತ ಹತ್ತಿರದಲ್ಲಿ ನಮ್ಮನ್ನು ಹಾದುಹೋಗುತ್ತದೆ, ಬಡಿಯುವುದಿಲ್ಲ. ಆದರೆ ಆ ಸಲ ಭೂಮಿಯ ಎಳೆತ ಅದರ ದಾರಿಯನ್ನು ಎಷ್ಟು ಬಗ್ಗಿಸುತ್ತದೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ. 2300ರವರೆಗೆ ಭೂಮಿಗೆ ಬಡಿಯುವ ಒಟ್ಟು ಸಾಧ್ಯತೆ 1,750ರಲ್ಲಿ ಒಂದು. ಒಂದೇ ದಿನ ಅಂತ ತೆಗೆದುಕೊಂಡರೆ ಹೆಚ್ಚು ಇರುವುದು 2182ರ ಸೆಪ್ಟೆಂಬರ್ 24ಕ್ಕೆ, 2,700ರಲ್ಲಿ ಒಂದು.

ಅದೇ ನೌಕೆ ಈಗ ಒಸೈರಿಸ್-ಅಪೆಕ್ಸ್ ಎಂಬ ಹೊಸ ಹೆಸರಿನಲ್ಲಿ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ಕಡೆ ಹೊರಟಿದೆ. ಅಪೋಫಿಸ್ 2029ರ ಏಪ್ರಿಲ್ 13ರಂದು ಭೂಮಿಯ ನೆಲದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾಯುತ್ತದೆ. ಟಿವಿ ಪ್ರಸಾರದ ಉಪಗ್ರಹಗಳು ಇರುವುದಕ್ಕಿಂತಲೂ ಹತ್ತಿರ. ಭೂಮಿಯ ಎಳೆತಕ್ಕೆ ಅದರ ಕಕ್ಷೆ ಬದಲಾಗುತ್ತದೆ, ಅದು ತಿರುಗುವ ರೀತಿಯೂ ಬದಲಾಗಬಹುದು. ನೌಕೆ ಹೋಗಿ ಹಿಡಿಯಬೇಕಾದದ್ದು ಹಾಗೆ ಬದಲಾದ ಮೇಲಿನ ಅಪೋಫಿಸ್ ಅನ್ನು.